ಕಾರವಾರದಿಂದ ಗೋಕರ್ಣಕ್ಕೆ ಹಾಯಿದೋಣಿ: ಬಯಲುಸೀಮೆಯ ಗೆಳೆಯರಿಗೊಂದು ಕೈಪಿಡಿ

ಗೆಳೆಯರ ಗುಂಪು ಕಟ್ಟಿಕೊಂಡು ಗೋಕರ್ಣಕ್ಕೆ ಹೋಗಿಬಂದವರು ಗದಗ-ಬೆಟಗೇರಿಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅದೇ ಗೋಕರ್ಣವನ್ನು ಕಡಲ ಕಡೆಯಿಂದ, ಹಾಯಿ ಬಿಚ್ಚಿ ತಲುಪುವ ಆಸೆಯಿದ್ದರೆ ತಯಾರಿ ತಿಂಗಳೆರಡು ಮೊದಲೇ ಶುರುವಾಗಬೇಕು. ರಾಜ್ಯದ ಕರಾವಳಿಯ ಈ ಉತ್ತರ ತುದಿಯಲ್ಲಿ ಗುಡ್ಡಗಳು ನೇರ ನೀರಿಗೇ ಇಳಿದಿವೆ. ಮರಳದಂಡೆ ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಅಳಿವೆ. ಕಾರವಾರದಿಂದ ಗೋಕರ್ಣಕ್ಕೆ ನೇರ ಗೆರೆ ಎಳೆದರೆ ದೂರ 37 ಕಿ.ಮೀ. ಆಸುಪಾಸು.

ಯಾವಾಗ ಹೊರಡಬೇಕು?
ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಕಡಲಿನ ಮಾತೇ ಬೇಡ. ಡಿಸೆಂಬರ್‌ನಿಂದ ಫೆಬ್ರುವರಿ ಸೂಕ್ತ. ಆಗ ನಸುಕಿನಲ್ಲಿ ನೆಲದಿಂದ ಕಡಲಿಗೆ ತಂಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಕರಾವಳಿ ಇಲ್ಲಿ ಆಗ್ನೇಯಕ್ಕೆ ಸಾಗುವುದರಿಂದ ಗೋಕರ್ಣಕ್ಕೆ ಬರುವವರಿಗೆ ಅದು ಬೆನ್ನಗಾಳಿ, ತಿರುಗಿ ಹೋಗುವವರಿಗೆ ಎದುರುಗಾಳಿ. ಹಾಗಾಗಿ ಹೋಗುವುದು ದೋಣಿಯಲ್ಲಿ, ವಾಪಸು ಬಸ್ಸಿನಲ್ಲಿ. ಸಣ್ಣ ಹಾಯಿದೋಣಿ ಗಂಟೆಗೆ 7–9 ಕಿ.ಮೀ. ಸಾಗುತ್ತದೆ. ಬಳಸುದಾರಿಯನ್ನೂ ಸೇರಿಸಿ ಇಡೀ ಹಗಲನ್ನು ಇದಕ್ಕೇ ಮೀಸಲಿಡಿ.

ದೋಣಿ ಮತ್ತು ತಾಂಡೇಲ
ಕಾರವಾರದಲ್ಲಿ ಬಾಡಿಗೆಗೆ ಸುಲಭವಾಗಿ ಸಿಗುವುದು ಮೋಟಾರು ದೋಣಿ. ಹಾಯಿದೋಣಿ ಬೇಕೆಂದರೆ ಪಕ್ಕದ ಗೋವಾದಲ್ಲೂ ಮೊದಲೇ ವಿಚಾರಿಸಿಡಿ. ನೋಂದಣಿ ಪತ್ರ, ವಿಮೆ, ಗಾಳಿ ಬಿದ್ದರೆ ನಡೆಸಲು ಎಂಜಿನ್, ವಿಎಚ್‌ಎಫ್ ರೇಡಿಯೊ ಇವು ಇಲ್ಲದ ದೋಣಿ ಅಗ್ಗಕ್ಕೆ ಸಿಕ್ಕರೂ ಬೇಡ. ಈ ನೀರನ್ನು ಬಲ್ಲ ತಾಂಡೇಲ (ದೋಣಿ ನಡೆಸುವ ಮುಖ್ಯಸ್ಥ) ಇರಲೇಬೇಕು. ಗೆಳೆಯರಲ್ಲಿ ಎಂಥ ಜಾಣನಿದ್ದರೂ ದೋಣಿಯಲ್ಲಿ ತಾಂಡೇಲನದೇ ಮಾತು. ಅವನು ‘ಇವತ್ತು ಬ್ಯಾಡ’ ಅಂದರೆ ಮುಗಿಯಿತು, ರಜೆ ಹಾಕಿ ಬಂದಿದ್ದೇವೆಂಬ ವಾದ ಹೂಡಬೇಡಿ.

ಬಂದರು ಕಚೇರಿ ಮತ್ತು ಕರಾವಳಿ ಕಾವಲು ಪೊಲೀಸರಿಗೆ ಹೋಗುವವರ ಹೆಸರು, ದಾರಿ, ತಲುಪುವ ಹೊತ್ತು ಬರೆದುಕೊಡಿ. ಆಧಾರ್ ಜೊತೆಗಿರಲಿ. ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಯಿದೆ. ಅದರ ನೀರಿನಿಂದ ದೂರವೇ ಸಾಗಬೇಕು. ಅಂಜದೀವ್ ದ್ವೀಪದಲ್ಲಿ ಇಳಿಯುವಂತಿಲ್ಲ, ಡ್ರೋನ್ ಮನೆಯಲ್ಲೇ ಇರಲಿ. (ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು ‘ಐಎನ್‌ಎಸ್‌ವಿ ಕೌಂಡಿನ್ಯ’ 2025ರ ಮೇ 21ರಂದು ನೌಕಾಪಡೆಗೆ ಸೇರಿದ್ದು ಇಲ್ಲೇ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ!)

ಜೀವರಕ್ಷಕ ಜಾಕೆಟ್
2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ಸತ್ತರು. ಪಕ್ಕದ ಹಾವೇರಿ ಜಿಲ್ಲೆಯವರೂ ಅದರಲ್ಲಿದ್ದರು. ಜಾಕೆಟ್ಟನ್ನು ದಡದಲ್ಲೇ ತೊಟ್ಟು ಪಟ್ಟಿ ಬಿಗಿಯಿರಿ. ಹೆಗಲ ಹತ್ತಿರ ಹಿಡಿದು ಎತ್ತಿದರೆ ಅದು ಕಿವಿಯವರೆಗೆ ಜಾರಿಬರಬಾರದು. ಮುಂಡರಗಿಯವರು ತುಂಗಭದ್ರೆಯಲ್ಲಿ ಈಜು ಕಲಿತವರೇ ಇರಬಹುದು, ಅಲೆಯಲ್ಲಿ ಆ ಈಜು ಸಾಲದು.

ಹಿಂದಿನ ದಿನ
ಮುಂಡರಗಿಯವರು ಗದಗಿನ ಮೇಲೆ, ಲಕ್ಷ್ಮೇಶ್ವರ-ಶಿರಹಟ್ಟಿಯವರು ತಮಗೆ ಹತ್ತಿರದ ದಾರಿಯಲ್ಲಿ ಹುಬ್ಬಳ್ಳಿ ಸೇರಬಹುದು. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಕಾರವಾರ. ರಾತ್ರಿ ಅಲ್ಲೇ ತಂಗಿ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ-ಗಾಳಿ ಮುನ್ಸೂಚನೆ ನೋಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ಸಾಕು. ಮಿರ್ಚಿ-ಗಿರಮಿಟ್ ಪ್ರೀತಿಯನ್ನು ಒಂದು ದಿನ ತಡೆದುಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹತ್ತುವ ಮೊದಲೇ ನುಂಗಬೇಕು. ಶುರುವಾದ ಮೇಲೆ ಪ್ರಯೋಜನವಿಲ್ಲ.

ದೋಣಿಯಲ್ಲಿ
ದಿಕ್ಕು ಬದಲಿಸುವಾಗ ಹಾಯಿಯ ಕೆಳಗಿನ ಅಡ್ಡಮರ ಒಂದು ಬದಿಯಿಂದ ಇನ್ನೊಂದಕ್ಕೆ ರಪ್ಪನೆ ಬೀಸುತ್ತದೆ. ಗಾಳಿ ಬೆನ್ನಿಗಿದ್ದಾಗಲಂತೂ ಸದ್ದಿಲ್ಲದೆ ಬಂದು ತಲೆ ಒಡೆಯುತ್ತದೆ. ತಾಂಡೇಲ ಕೂಗಿದ ಕೂಡಲೇ ತಲೆ ಬಗ್ಗಿಸಿ, ಸೆಲ್ಫಿ ಆಮೇಲೆ. ಹಾಯಿ ಹಗ್ಗ ಹಿಡಿಯಲು ಕೊಟ್ಟರೆ ಅಂಗೈಗೆ ಸುತ್ತಿಕೊಳ್ಳಬೇಡಿ. ಗಾಳಿ ಜಗ್ಗಿದಾಗ ಬೆರಳು ಸಿಕ್ಕಿಬೀಳುತ್ತದೆ. ತಲೆ ತಿರುಗಿದರೆ ದೂರದ ಕಡಲಂಚು ನೋಡುತ್ತ ನಡುವೆ ಕೂಡಿ. ಗಾಳಿ ಕೆಟ್ಟರೆ ಅರ್ಧ ದಾರಿಯಲ್ಲಿ ಬೇಲೆಕೇರಿ ಬಂದರಿದೆ. ಅಪಾಯದಲ್ಲಿ ರೇಡಿಯೊ ಚಾನೆಲ್ 16, ಫೋನಿನಲ್ಲಿ ಕರಾವಳಿ ರಕ್ಷಣಾ ಪಡೆಯ 1554.

ಗೋಕರ್ಣದ ಓಂ ಬೀಚ್, ಹಾಫ್ ಮೂನ್ ಬೀಚ್‌ಗಳನ್ನು ನೀರಿನಿಂದಲೇ ನೋಡಿ, ಅಲ್ಲಿ ಬಂಡೆಗಳ ನಡುವೆ ದೋಣಿ ನುಗ್ಗಿಸುವುದು ಬೇಡ. ಇನ್ನಷ್ಟು ದಕ್ಷಿಣಕ್ಕೆ, ಅಘನಾಶಿನಿಯ ಅಳಿವೆಯಲ್ಲಿರುವ ತದಡಿ ಬಂದರಿನಲ್ಲಿ ಇಳಿಯಬಹುದು. ಅಳಿವೆಯ ಬಾಯಲ್ಲಿ ಮರಳದಿಬ್ಬವಿರುವುದರಿಂದ ಉಬ್ಬರ ಏರುತ್ತಿರುವಾಗಲೇ ಒಳಹೋಗಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಜರುಗುತ್ತದೆ. ಹೊರಡುವ ದಿನವನ್ನು ಅದನ್ನು ನೋಡಿಯೇ ಗೊತ್ತುಮಾಡಿ.