ಸಾಫ್ಟ್‌ವೇರ್ ಕೊಟ್ಟ ಸಂಖ್ಯೆಯನ್ನು ನಂಬುವ ಮುನ್ನ

ಮಗೂ, ನಕ್ಷತ್ರದ ಬೆಳಕು ಅಳೆಯಲು ಹೊರಟಿದ್ದೀಯ. ಕ್ಯಾಮೆರಾ ಇದೆ, ಟ್ರೈಪಾಡ್ ಇದೆ, ಲ್ಯಾಪ್‌ಟಾಪಿನಲ್ಲಿ ಆಸ್ಟ್ರೋಇಮೇಜ್‌ಜೆ ಹಾಕಿಕೊಂಡಿದ್ದೀಯ. ನನಗೆ ಬಹಳ ಸಂತೋಷ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ಸಾಫ್ಟ್‌ವೇರ್‌ಗಳಿಗೆ ‘ಗೊತ್ತಿಲ್ಲ’ ಅನ್ನಲು ಬರುವುದಿಲ್ಲ. ಚಿತ್ರದಲ್ಲಿ ನೀನು ಕ್ಲಿಕ್ ಮಾಡಿದ್ದು ನಕ್ಷತ್ರವೋ, ಹಾದುಹೋದ ವಿಮಾನದ ದೀಪವೋ, ಸೆನ್ಸರಿನ ಕೆಟ್ಟ ಪಿಕ್ಸೆಲ್ಲೋ, ಏನಾದರಾಗಲಿ, ದಶಾಂಶದ ನಂತರ ಮೂರು ಅಂಕಿ ಇಟ್ಟು ಉತ್ತರ ಕೊಡುತ್ತವೆ. ಆ ಮೂರರಲ್ಲಿ ಎಷ್ಟು ಅಂಕಿ ನಿಜ ಎಂದು ತೀರ್ಮಾನಿಸುವ ಕೆಲಸ ನಿನ್ನದು.

ಮೊದಲಿಗೆ ಆಲ್ಗಾಲ್ ನಕ್ಷತ್ರವನ್ನು ಹಿಡಿ. ಪರ್ಸಿಯಸ್ ಪುಂಜದಲ್ಲಿದೆ, ಡಿಸೆಂಬರಿನಲ್ಲಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಸಿಗುತ್ತದೆ. ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ, 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾದದ್ದು ಬೆಳಗುವುದಕ್ಕೆ ಅಡ್ಡ ಬರುತ್ತದೆ. ಆಗ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ; ಈ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಇಳಿಯಲು ಸುಮಾರು ಐದು ಗಂಟೆ, ಏರಲು ಐದು ಗಂಟೆ. 1782ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಜಾನ್ ಗುಡ್ರಿಕ್ ಎಂಬ ಹದಿನೆಂಟರ ಹುಡುಗ, ಕಿವಿ ಕೇಳದವನು, ಬರಿಗಣ್ಣಿನಿಂದ ಅಕ್ಕಪಕ್ಕದ ನಕ್ಷತ್ರಗಳಿಗೆ ಇದನ್ನು ಹೋಲಿಸತೊಡಗಿ, ಈ ಅವಧಿಯನ್ನು ಕಂಡುಹಿಡಿದ. ಮರುವರ್ಷ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ನೀನು ಮಾಡಲಿರುವುದೂ ಹೋಲಿಕೆಯೇ. ಕಣ್ಣಿನ ಜಾಗದಲ್ಲಿ ಪಿಕ್ಸೆಲ್ ಬಂದಿದೆ, ಅಷ್ಟೆ.

ಸಾಫ್ಟ್‌ವೇರ್ ಒಳಗೆ ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಕೈಯಾರೆ ಮಾಡಿ ನೋಡು. ನಕ್ಷತ್ರದ ಸುತ್ತ ಒಂದು ವೃತ್ತ ಎಳೆದು ಒಳಗಿನ ಪಿಕ್ಸೆಲ್‌ಗಳ ಎಣಿಕೆಯನ್ನೆಲ್ಲ ಕೂಡುತ್ತದೆ. ಸ್ವಲ್ಪ ದೂರ ಬಿಟ್ಟು ಇನ್ನೊಂದು ಉಂಗುರ ಎಳೆದು, ಅಲ್ಲಿ ಒಂದು ಪಿಕ್ಸೆಲ್ಲಿಗೆ ಆಕಾಶದ ಬೆಳಕು ಎಷ್ಟು ಬಿದ್ದಿದೆ ಎಂದು ನೋಡುತ್ತದೆ. ತುಪ್ಪ ತೂಗುವಾಗ ಡಬ್ಬಿಯ ತೂಕ ಕಳೆಯುವ ಹಾಗೆ ಆ ಆಕಾಶವನ್ನು ಕಳೆಯುತ್ತದೆ. ಉಳಿದದ್ದರ ಲಾಗರಿದಮ್ ತೆಗೆದು ಮೈನಸ್ 2.5ರಿಂದ ಗುಣಿಸುತ್ತದೆ. ಐದು ಕಾಂತಿಮಾನದ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟು ಎಂದು 1856ರಲ್ಲಿ ಪಾಗ್ಸನ್ ಎಂಬ ಖಗೋಳಜ್ಞ ಹಾಕಿಕೊಟ್ಟ ಲೆಕ್ಕ ಇದು. ಈಗ ಹೇಳು, ಆ ಉಂಗುರದೊಳಗೆ ಇನ್ನೊಂದು ನಕ್ಷತ್ರ ಕೂತಿದ್ದರೆ? ವೃತ್ತ ಚಿಕ್ಕದಾಗಿ ನಕ್ಷತ್ರದ ಅಂಚು ಹೊರಗುಳಿದಿದ್ದರೆ? ದೊಡ್ಡದಾಗಿ ಆಕಾಶದ ಗದ್ದಲವೆಲ್ಲ ಒಳಗೆ ಬಂದಿದ್ದರೆ? ಉತ್ತರ ಆಗಲೂ ಬರುತ್ತದೆ. ಅದಕ್ಕೇ ವೃತ್ತದ ಗಾತ್ರವನ್ನು ಕೂಡಲೇ ಒಪ್ಪಿಕೊಳ್ಳಬೇಡ. ಹಿಗ್ಗಿಸುತ್ತ ಹೋಗು, ನಕ್ಷತ್ರದ ಎಣಿಕೆ ಏರುವುದು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ನೋಡಿ ಆಮೇಲೆ ಗಾತ್ರ ಆರಿಸು.

ಚಿತ್ರ ತೆಗೆಯುವಾಗಲೇ ಅರ್ಧ ಕೆಲಸ ಕೆಡಬಹುದು. ಜೆಪೆಗ್ ಬೇಡವೇ ಬೇಡ. ಚೆಂದ ಕಾಣಲೆಂದು ಕ್ಯಾಮೆರಾ ಅದರಲ್ಲಿ ಬೆಳಕನ್ನು ಬಗ್ಗಿಸಿರುತ್ತದೆ. ಬೆಳಕು ಎರಡು ಪಟ್ಟಾದರೆ ಎಣಿಕೆ ಎರಡು ಪಟ್ಟಾಗುವುದಿಲ್ಲ. ರಾ ಕಡತವನ್ನೇ ತೆಗೆ, ಅದರಲ್ಲೂ ಹಸಿರು ಪಿಕ್ಸೆಲ್‌ಗಳನ್ನು ಬಳಸು. ಖಗೋಳಜ್ಞರ ವಿ ಫಿಲ್ಟರಿಗೆ ಅವು ಹತ್ತಿರ. 14 ಬಿಟ್ ಕ್ಯಾಮೆರಾದಲ್ಲಿ ಎಣಿಕೆ 16,383ರ ಆಚೆ ಹೋಗಲಾರದು. ನಕ್ಷತ್ರದ ನಡುವಿನ ಪಿಕ್ಸೆಲ್ ಆ ಮಿತಿಗೆ ಬಡಿದರೆ ಮಿಕ್ಕ ಬೆಳಕಿಗೆ ಲೆಕ್ಕವಿಲ್ಲ. ಆಲ್ಗಾಲ್‌ನಂಥ ಬೆಳಗುವ ನಕ್ಷತ್ರಕ್ಕೆ ಫೋಕಸ್ ತುಸು ತಪ್ಪಿಸು. ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹರಡಿ ಯಾವುದೂ ತುಂಬಿ ತುಳುಕುವುದಿಲ್ಲ. ಚಿತ್ರ ಮಸುಕಾಗಿದೆ ಎಂದು ನೋಡಿದವರು ಅಂದಾರು. ಅನ್ನಲಿ ಬಿಡು.

ಲೆನ್ಸ್ ಮುಚ್ಚಿ ತೆಗೆಯುವ ಡಾರ್ಕ್ ಚಿತ್ರ, ಒಂದೇ ಸಮ ಬೆಳಗಿದ ಹಿನ್ನೆಲೆಯ ಫ್ಲ್ಯಾಟ್ ಚಿತ್ರ, ಇವೆರಡನ್ನೂ ತೆಗೆಯಲು ಬೇಸರಪಡಬೇಡ. ಲೆನ್ಸಿನ ಅಂಚಿನಲ್ಲಿ ಬೆಳಕು ನಡುವಿಗಿಂತ ಕಡಿಮೆ ಬೀಳುತ್ತದೆ. ನೀನು ಹೋಲಿಸಬೇಕಾದ ನಕ್ಷತ್ರ ಆಲ್ಗಾಲ್‌ನಿಂದ ಒಂಬತ್ತು ಡಿಗ್ರಿ ಆಚೆಗಿದ್ದರೆ, ಆ ವ್ಯತ್ಯಾಸವೆಲ್ಲ ನಕ್ಷತ್ರದ ಲೆಕ್ಕಕ್ಕೆ ಬಂದು ಸೇರುತ್ತದೆ. ಹೊಸಕೋಟೆಯ ಕೇಂದ್ರದಲ್ಲಿ ಕೂತು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕದಿಂದ ಚಿತ್ರ ತೆಗೆಯುವ ವಿಜ್ಞಾನಿಗಳೂ ಮುಸ್ಸಂಜೆ ಮುಂಜಾವಿನ ಆಕಾಶದಲ್ಲಿ ಫ್ಲ್ಯಾಟ್ ತೆಗೆಯುತ್ತಾರೆ. ಅವರಿಗೆ ಬೇಕಾದದ್ದು ನಿನಗೆ ಬೇಡವಾದೀತೆ?

ಹೋಲಿಕೆಯ ನಕ್ಷತ್ರವನ್ನು ಆರಿಸುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಆಲ್ಗಾಲ್ ಪಕ್ಕದಲ್ಲೇ, ಎರಡು ಡಿಗ್ರಿಯಷ್ಟು ದೂರದಲ್ಲಿ, ರೋ ಪರ್ಸೈ ಇದೆ. ಹತ್ತಿರವಿದೆ, ಸುಲಭವಾಗಿ ಸಿಗುತ್ತದೆ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಅದು ಕೆಂಪು ದೈತ್ಯ. ಅದರ ಬೆಳಕೂ 3.3ರಿಂದ 4ರವರೆಗೆ ಏರಿಳಿಯುತ್ತದೆ. ಅದಕ್ಕಿಂತ ಡೆಲ್ಟಾ ಪರ್ಸೈ ಮೇಲು. ಕಾಂತಿಮಾನ ಸುಮಾರು 3, ಬಣ್ಣವೂ ಆಲ್ಗಾಲ್‌ನಂತೆ ನೀಲಿ ಬೆರೆತ ಬಿಳಿ. ಜೊತೆಗೆ ಮೂರನೆಯದೊಂದನ್ನು ಪರೀಕ್ಷೆಗೆಂದು ಇಟ್ಟುಕೋ. ಗ್ರಾಫ್ ಬಂದಾಗ ಮೊದಲು ಆಲ್ಗಾಲ್ ರೇಖೆ ನೋಡುವ ಆಸೆಯಾಗುತ್ತದೆ. ತಡೆದುಕೊಂಡು ಪರೀಕ್ಷೆಯ ನಕ್ಷತ್ರದ ರೇಖೆ ನೋಡು. ಅದೂ ಏರಿಳಿದಿದ್ದರೆ ತೆಳುಮೋಡ ಹಾದಿದೆ, ಇಲ್ಲವೇ ಲೆನ್ಸಿಗೆ ಇಬ್ಬನಿ ಕೂತಿದೆ.

ಸಾಫ್ಟ್‌ವೇರ್ ದೋಷದ ಅಂದಾಜನ್ನೂ ಕೊಡುತ್ತದೆ ಅನ್ನುತ್ತೀಯ. ಕೊಡುತ್ತದೆ, ನಿಜ. ಹತ್ತು ಸಾವಿರ ಫೋಟಾನ್ ಎಣಿಸಿದರೆ ಅದರ ವರ್ಗಮೂಲ ನೂರರಷ್ಟು ಅಲುಗಾಟ ಸಹಜ, ಅಂದರೆ ಶೇಕಡ ಒಂದು, ಕಾಂತಿಮಾನದಲ್ಲಿ ಸುಮಾರು 0.01. ಲೆಕ್ಕಕ್ಕೆ ಸಿಗುವುದು ಇಂಥ ದೋಷ. ಗಾಳಿಯಲ್ಲಿ ನಕ್ಷತ್ರ ಮಿನುಗಿದ್ದು, ಪಕ್ಕದ ಮನೆಯವರು ಟೆರೇಸಿನ ದೀಪ ಹಾಕಿದ್ದು ಅದಕ್ಕೆ ತಿಳಿಯದು. ಅವನ್ನು ನೋಟ್‌ಬುಕ್ಕಿನಲ್ಲಿ ನೀನೇ ಬರೆದಿಡಬೇಕು. ರೇಖೆಗೆ ಹೊಂದಲಿಲ್ಲವೆಂದು ಒಂದು ಬಿಂದುವನ್ನೂ ಅಳಿಸಬೇಡ. ಆ ಚಿತ್ರವನ್ನು ತೆರೆದು ಪಿಕ್ಸೆಲ್ ನೋಡು. ಕಾರಣ ಸಿಕ್ಕರೆ ಅದನ್ನು ಬರೆದಿಟ್ಟು ಬಿಂದುವನ್ನು ಕೈಬಿಡು, ಸಿಗದಿದ್ದರೆ ಬಿಂದು ಅಲ್ಲೇ ಇರಲಿ.

ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್‌ನ ರಾಧಾಗೋವಿಂದ ಚಂದ್ರ ಎಂಬವರು ಖಜಾನೆಯಲ್ಲಿ ನೌಕರಿ ಮಾಡುತ್ತ, ಬೆಳಕು ಬದಲಾಗುವ ನಕ್ಷತ್ರಗಳ 37,000ಕ್ಕೂ ಹೆಚ್ಚು ಕಣ್ಣಳತೆಗಳನ್ನು ಅಮೆರಿಕದ ವೀಕ್ಷಕರ ಸಂಘವಾದ ಎ.ಎ.ವಿ.ಎಸ್.ಒ.ಗೆ ಕಳಿಸಿದರು. ಕ್ಯಾಮೆರಾ ಇಲ್ಲ, ಸಾಫ್ಟ್‌ವೇರ್ ಇಲ್ಲ. ಆ ಅಂಕಿಗಳು ಸಂಘದ ಭಂಡಾರದಲ್ಲಿ ಇವತ್ತಿಗೂ ಇವೆ. ನಿನ್ನವೂ ಅಲ್ಲಿಗೆ ಸೇರಲಿ ಎಂಬುದು ನನ್ನ ಆಸೆ. ಸಮಯವನ್ನು ವಿಶ್ವಕಾಲದಲ್ಲಿ ಬರೆ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಯಾವ ನಕ್ಷತ್ರಕ್ಕೆ ಹೋಲಿಸಿದೆ ಎಂಬುದನ್ನೂ ಜೊತೆಗೆ ಸೇರಿಸು.

ಮೊದಲ ರಾತ್ರಿ ಆಲ್ಗಾಲ್ ಬೇಡ. ಬದಲಾಗದ ಎರಡು ನಕ್ಷತ್ರಗಳನ್ನು ಮಾತ್ರ ಮೂರು ಗಂಟೆ ಅಳೆ. ನಿಜಕ್ಕೂ ಅವುಗಳ ಕಾಂತಿಮಾನದ ಅಂತರ ಅಲುಗಬಾರದು. ನಿನ್ನ ಗ್ರಾಫಿನಲ್ಲಿ ಅಲುಗುತ್ತದೆ. ಎಷ್ಟು ಅಲುಗಿತು ಎಂದು ನನಗೆ ಬರೆದು ಕಳಿಸು. 0.05ರ ಒಳಗಿದ್ದರೆ ಆಲ್ಗಾಲ್ ಮಂಕಾಗುವ ಮುಂದಿನ ರಾತ್ರಿ ಯಾವುದೆಂದು ಕೂತು ಲೆಕ್ಕ ಹಾಕೋಣ.