ಜೂಜಿನ ಸಾಲಕ್ಕೆ ಕಾರ್ಡ್ ಉಜ್ಜಬೇಡಪ್ಪಾ

ಜೂಜಿನಲ್ಲಿ ಸೋತಿದ್ದೀಯ, ಗೊತ್ತಾಯಿತು. ಅದಕ್ಕೆ ಬೈಯುವವರು ಬೇಕಾದಷ್ಟು ಜನ ಸಿಗುತ್ತಾರೆ, ನಾನು ಬೈಯುವುದಿಲ್ಲ. ನನ್ನದು ಸೋತ ಮೇಲಿನ ಮಾತು. ಆ ಬಾಕಿ ತೀರಿಸುವುದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಬೇಡ.

ನಮ್ಮ ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆ, ಹನ್ನೆರಡನೇ ಮೇನ್‌ಗಳ ಹಿಂದಿನ ಅಡ್ಡರಸ್ತೆಗಳಲ್ಲಿ ಪಿ.ಜಿ.ಗಳಲ್ಲೂ ಬಾಡಿಗೆ ಫ್ಲ್ಯಾಟುಗಳಲ್ಲೂ ಇರುವ ನಿಮ್ಮಂಥ ಹುಡುಗ ಹುಡುಗಿಯರಿಗೆ ಸಂಬಳ ಚೆನ್ನಾಗಿದೆ. ಪರ್ಸಿನಲ್ಲಿ ಎರಡು ಮೂರು ಕಾರ್ಡು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಪಣಜಿ, ಸಂಜೆಗೆ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೊ ಹಡಗು. ಕೈಯಲ್ಲಿದ್ದದ್ದು ಮುಗಿದಾಗ, ಕರೆದುಕೊಂಡು ಹೋದ ಏಜೆಂಟೇ ಚಿಪ್ಸ್ ಕೊಡಿಸುತ್ತಾನೆ, ‘ಊರಿಗೆ ಹೋದ್ಮೇಲೆ ಕೊಡಿ ಬಾಸ್’ ಅನ್ನುತ್ತಾನೆ. ಗೋವಾಕ್ಕೆ ಹೋಗದವನಿಗೆ ಬುಕ್ಕಿಯ ಬೆಟ್ಟಿಂಗ್ ಐಡಿ ಇದೆ: ಆಟ ಇವತ್ತು, ಲೆಕ್ಕ ಚುಕ್ತಾ ಮಾಡುವುದು ಆಮೇಲೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಅವುಗಳಿಗೆ ಬ್ಯಾಂಕುಗಳು ಹಣ ಸಾಗಿಸಬಾರದು ಎಂದಿತು. ಬುಕ್ಕಿಯ ಫೋನು ಮಾತ್ರ ನಿಂತಿಲ್ಲ.

ಆ ಫೋನು ಜೋರಾದಾಗ ಕಾರ್ಡು ಹೊರಗೆ ಬರುತ್ತದೆ. ಎ.ಟಿ.ಎಂ.ನಿಂದ ನಗದು ತೆಗೆಯುವುದು ಒಂದು ದಾರಿ. ಪರಿಚಯದ ಅಂಗಡಿಯಲ್ಲಿ ಏನೂ ಕೊಳ್ಳದೆ ಸ್ವೈಪ್ ಮಾಡಿ, ಕಮಿಷನ್ ಕಳೆದು ನೋಟು ಎಣಿಸಿಕೊಳ್ಳುವುದು ಇನ್ನೊಂದು. ಗೆಳೆಯನನ್ನೇ ಮನೆ ಮಾಲೀಕ ಎಂದು ತೋರಿಸಿ ಆ್ಯಪಿನಲ್ಲಿ ‘ಬಾಡಿಗೆ’ ಕಳಿಸುವವರೂ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿದ ಮೇಲೆ ಹಲವು ಆ್ಯಪುಗಳು ಕಾರ್ಡಿನಲ್ಲಿ ಬಾಡಿಗೆ ಕಟ್ಟುವ ಸೌಲಭ್ಯವನ್ನೇ ನಿಲ್ಲಿಸಿದವು.

ಈಗ ಒಂದು ಲಕ್ಷದ ಲೆಕ್ಕ ನೋಡು. ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆಯಾದೀತು, ಸಾಮಾನ್ಯವಾಗಿ ಕಾಣುವ ದರವನ್ನೇ ಹಿಡಿದಿದ್ದೇನೆ. ಕಾರ್ಡಿನಿಂದ ಲಕ್ಷ ರೂಪಾಯಿ ನಗದು ತೆಗೆದರೆ ಶುಲ್ಕ ಶೇ 2.5, ಅಂದರೆ 2,500. ಅದರ ಮೇಲೆ ಶೇ 18 ಜಿ.ಎಸ್.ಟಿ., 450. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 3,500. ಆ ಬಡ್ಡಿಗೂ ಜಿ.ಎಸ್.ಟಿ. ಉಂಟು, 630. ಮೊದಲ ತಿಂಗಳಿಗೇ 7,080 ರೂಪಾಯಿ ಹೋಯಿತು, ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ. ಅಸಲು ಹಾಗೇ ಉಳಿದರೆ ವರ್ಷಕ್ಕೆ 52,510. ಸಾಮಾನು ಕೊಂಡರೆ ಸಿಗುವ ನಲವತ್ತೈದು, ಐವತ್ತು ದಿನದ ಬಡ್ಡಿಯಿಲ್ಲದ ಗಡುವು ನಗದಿಗೆ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ. ಬಾಕಿ ಉಳಿಸಿಕೊಂಡವನಿಗೆ ಆಮೇಲೆ ಅದೇ ಕಾರ್ಡಿನಲ್ಲಿ ಕೊಂಡ ಅಕ್ಕಿ ಬೇಳೆಗೂ ಆ ಗಡುವು ತಪ್ಪಿಹೋಗುತ್ತದೆ. ಸ್ಟೇಟ್‌ಮೆಂಟಿನಲ್ಲಿ ‘ಕನಿಷ್ಠ ಪಾವತಿ’ ಅಂತ ಸಣ್ಣ ಮೊತ್ತವೊಂದು ಇರುತ್ತದಲ್ಲ, ಅದನ್ನು ಕಟ್ಟಿ ಸಮಾಧಾನ ಮಾಡಿಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆ ಮಿತಿಯ ಆಸರೆಯೂ ಈಗಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಬಾಜಿಯಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಬುಕ್ಕಿ ಎಷ್ಟೇ ಕೂಗಾಡಲಿ, ಅವನ ಬೆನ್ನಿಗೆ ಕಾನೂನಿಲ್ಲ. ಆದರೆ ಅವನಿಗೆ ಕೊಡಲೆಂದು ಬೇರೆಯವರಿಂದ ತಂದ ಸಾಲದ ಕಥೆಯೇ ಬೇರೆ. 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ: ಬಾಜಿ ಅನೂರ್ಜಿತ ನಿಜ, ಅದಕ್ಕೆ ಅಂಟಿಕೊಂಡ ಬೇರೆ ಕರಾರು ಅಷ್ಟರಿಂದಲೇ ಕಾನೂನುಬಾಹಿರ ಆಗುವುದಿಲ್ಲ. ಇನ್ನು ಬ್ಯಾಂಕಿನದು ಅಪ್ಪಟ ಸಾಲ. ದಾವೆ ಹೂಡುತ್ತದೆ, ಸಿಬಿಲ್‌ಗೆ ಬರೆಯುತ್ತದೆ, ನಾಳೆ ನೀನು ಮನೆ ಸಾಲಕ್ಕೆ ಹೋದಾಗ ಅದು ಮುಂದೆ ಬಂದು ನಿಲ್ಲುತ್ತದೆ. ವಸೂಲಿಗೆ ಕಾನೂನಿನ ಬಲವೇ ಇಲ್ಲದ ಬಾಕಿಯನ್ನು ನಿನ್ನ ಕೈಯಾರೆ ನೀನೇ ಕಾನೂನಿನ ಸಾಲವಾಗಿ ಮಾಡಿಕೊಳ್ಳುತ್ತಿದ್ದೀಯ.

ಜೂಜಿನ ಬಾಕಿಗೆ ಕಾನೂನಿನ ಬಲವಿಲ್ಲ ಎಂಬುದನ್ನು ಅಮೆರಿಕಕ್ಕೆ ಹೋದವರು ನೆಚ್ಚಿಕೊಳ್ಳಬಾರದು. ಲಾಸ್ ವೇಗಸ್ ಇರುವ ನೆವಾಡದಲ್ಲಿ ಕ್ಯಾಸಿನೊ ಸಾಲಕ್ಕೆ ರುಜು ಹಾಕಿಕೊಟ್ಟ ಚೀಟಿ ಚೆಕ್ಕಿಗೆ ಸಮ, ತೀರಿಸದಿದ್ದರೆ ಕ್ರಿಮಿನಲ್ ಕೇಸಾಗಬಹುದು. ಜೂಜಿಗೆ ಪರವಾನಗಿ ಇರುವ ದೇಶಗಳೂ ಕಾರ್ಡಿಗೆ ಹೆದರಿವೆ: ಬ್ರಿಟನ್ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನು ತಡೆಯಿತು, ಆಸ್ಟ್ರೇಲಿಯ 2024ರ ಜೂನ್‌ನಿಂದ ಆನ್‌ಲೈನ್ ಬೆಟ್ಟಿಂಗಿಗೆ ತಡೆಯಿತು. ಆಡುವವನು ತನ್ನ ದುಡ್ಡಿನಲ್ಲೇ ಸೋಲಲಿ, ಸಾಲದ ದುಡ್ಡಿನಲ್ಲಿ ಬೇಡ ಎಂಬ ತೀರ್ಮಾನ ಅದು.

ಹಾಗಾದರೆ ಏನು ಮಾಡಲಿ ಅಂತೀಯ. ಮೊದಲು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡನ್ನು ಆಫ್ ಮಾಡು. ಈ ಸೌಲಭ್ಯವನ್ನು ಪ್ರತಿ ಬ್ಯಾಂಕೂ ಕೊಡಲೇಬೇಕು ಎಂಬ ನಿಯಮ 2020ರಿಂದ ಇದೆ. ನಗದು ಮಿತಿಯನ್ನು ಸೊನ್ನೆಗೆ ಇಳಿಸಲು ಕೇಳು. ಈಗಾಗಲೇ ಉಜ್ಜಿಬಿಟ್ಟಿದ್ದರೆ ಬಾಕಿಯನ್ನು ಕಂತಿಗೆ ಹಾಕಿಸು, ಇಲ್ಲವೇ ಮನೆಯವರಿಗೆ ಹೇಳಿಯೇ ಚಿನ್ನದ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ತೀರಿಸು. ಅದರ ಬಡ್ಡಿ ಕಾರ್ಡಿನದಕ್ಕೆ ಹೋಲಿಸಿದರೆ ಎಷ್ಟೋ ಕಮ್ಮಿ. ಒಂದು ಕಾರ್ಡಿನಿಂದ ಇನ್ನೊಂದು ಕಾರ್ಡಿಗೆ ಉರುಳಿಸಬೇಡ. ಮೀಟರ್ ಬಡ್ಡಿಯವನ ಬಾಗಿಲಿಗೆ ಯಾವ ಕಾರಣಕ್ಕೂ ಹೋಗಬೇಡ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡ. ಬೆದರಿಕೆ ಬಂದರೆ ಠಾಣೆಗೆ ಹೋಗಿ ಬರೆದುಕೊಡು. ಬ್ಯಾಂಕಿನ ವಸೂಲಿಯವರೂ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ; ಬ್ಯಾಂಕು ದೂರು ಕೇಳಿಸಿಕೊಳ್ಳದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ಆಟ ಬಿಡಲು ಆಗುತ್ತಿಲ್ಲ ಅನ್ನಿಸಿದರೆ ನಾಚಿಕೆ ಬೇಡ. ಅದು ಕಾಯಿಲೆ, ಅದಕ್ಕೆ ಮದ್ದಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಆನ್‌ಲೈನ್ ಗೀಳಿಗೆ ಶಟ್ ಕ್ಲಿನಿಕ್ ಎಂಬ ಬೇರೆ ವಿಭಾಗವೇ ಉಂಟು. ನಡುರಾತ್ರಿ ಜೀವ ಬೇಡ ಅನ್ನಿಸುವ ಗಳಿಗೆ ಬಂದರೆ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಅರ್ಧ ಹೇಳಿ ಅರ್ಧ ಮುಚ್ಚಿಡುವವರೇ ಜಾಸ್ತಿ, ಆ ಮುಚ್ಚಿಟ್ಟ ಅರ್ಧ ಮತ್ತೆ ಕಾರ್ಡಿಗೇ ಬರುತ್ತದೆ. ಅಪ್ಪ ರೇಗುತ್ತಾರೆ, ಅಮ್ಮ ಅಳುತ್ತಾರೆ, ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕುತ್ತಾರೆ. ಇವತ್ತೇ ಊರಿಗೆ ಫೋನ್ ಮಾಡಪ್ಪಾ, ಒಟ್ಟು ಸಾಲ ಎಷ್ಟು ಅಂತ ಪೂರ್ತಿ ಹೇಳಿಬಿಡು.