ಬಣ್ಣ ಒರೆಸಿಕೊಂಡ ಮೇಲಿನ ಸಹಿ

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಸಿನಿಮಾ ನಟರನ್ನು ಹತ್ತಿರದಿಂದ ನೋಡಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅವರೇ ನಾಟಕಕ್ಕೆಂದು ಬರುತ್ತಾರೆ. ಒಂದು ಕಾಲಕ್ಕೆ ಪರದೆ ಮೇಲೆ ಹೀರೊನ ಕೊರಳಪಟ್ಟಿ ಹಿಡಿಯುತ್ತಿದ್ದ ಖಳನಟರು, ನಾಯಕಿಯ ತಂಗಿ ಪಾತ್ರದವರು, ನಗಿಸುವ ಪಾತ್ರಕ್ಕೇ ಮೀಸಲಾಗಿದ್ದವರು ಬನದ ಹುಣ್ಣಿಮೆಯ ಸುತ್ತಮುತ್ತ ಬಾದಾಮಿ ಬನಶಂಕರಿ ಜಾತ್ರೆಯ ಯಾವುದಾದರೂ ಟೆಂಟಿನಲ್ಲಿ ಸಿಕ್ಕೇ ಸಿಗುತ್ತಾರೆ. ಕಂಪನಿಗಳು ಅಲ್ಲಿ ಸಾಲಾಗಿ ಡೇರೆ ಹೊಡೆಯುತ್ತವೆ, ಬೆಳತನಕ ಆಟ ನಡೆಯುತ್ತದೆ. ವರ್ಷದ ಸಾಲ ತೀರುವುದೇ ಈ ಒಂದು ಜಾತ್ರೆಯಲ್ಲಿ ಎಂದು ಕಂಪನಿಯವರು ಹೇಳುವುದುಂಟು. ರೋಣದಿಂದ ಬಸ್ಸು ಹತ್ತಿದರೆ ಸಂಜೆಯ ಆಟಕ್ಕೆ ಆರಾಮ ಮುಟ್ಟಬಹುದು.

ಸಹಿ ಕೂಡಿಸುವ ಹುಚ್ಚು ನನಗೆ ಹತ್ತಿದ್ದು ಹ್ಯಾಂಡ್‌ಬಿಲ್ಲಿನಿಂದ. ಗುಲಾಬಿ, ಹಳದಿ ಬಣ್ಣದ ತೆಳು ಕಾಗದ. ಅದರಲ್ಲಿ ಅತಿಥಿ ನಟರ ಹೆಸರು ಎಲ್ಲಕ್ಕಿಂತ ದಪ್ಪ, ನಾಟಕ ಬರೆದವರ ಹೆಸರು ಎಲ್ಲಕ್ಕಿಂತ ಸಣ್ಣ. ಚೆಂದದ ಆಟೋಗ್ರಾಫ್ ಪುಸ್ತಕದಲ್ಲಿ ಹಾಕಿಸಿಕೊಂಡ ಸಹಿಗಿಂತ ಅಂದಿನ ಆಟದ ಹ್ಯಾಂಡ್‌ಬಿಲ್ಲಿನ ಮೇಲಿನ ಸಹಿಗೇ ನನ್ನ ಲೆಕ್ಕದಲ್ಲಿ ಬೆಲೆ. ಯಾವ ನಾಟಕ, ಯಾವ ಊರು, ಜೊತೆಗೆ ಯಾರು ಬಣ್ಣ ಹಚ್ಚಿದ್ದರು, ಎಲ್ಲವೂ ಒಂದೇ ಚೀಟಿಯಲ್ಲಿ ಸಿಗುತ್ತದೆ. ಒಂದೇ ಕೊರತೆ: ಎಷ್ಟೋ ಚೀಟಿಗಳಲ್ಲಿ ‘ಇಂದು ರಾತ್ರಿ’ ಎಂದಷ್ಟೇ ಇರುತ್ತದೆ, ಇಸವಿ ಇರುವುದಿಲ್ಲ. ಅದನ್ನು ಅಂದೇ ಹಿಂಬದಿಗೆ ಬರೆದಿಡಬೇಕು. ಕಾಗದ ಬಲು ತೆಳು, ಬಾಲ್‌ಪೆನ್ ಒತ್ತಿದರೆ ತೂತು ಬೀಳುತ್ತದೆ, ಶಾಯಿ ಪೆನ್ನಾದರೆ ಹರಡುತ್ತದೆ. ಶಾಲೆ ಹುಡುಗರ ಪರೀಕ್ಷೆ ಪ್ಯಾಡೊಂದು ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಹೊತ್ತು ನೋಡಿ ಹೋಗಬೇಕು. ಆಟ ಶುರುವಾಗುವ ಮುಂಚೆ ಹೋದರೆ ನಟರ ಬಾಯಲ್ಲಿ ಮಾತು ಉರು ಹೊಡೆಯುವುದು ನಡೆದಿರುತ್ತದೆ. ನಡುವೆ ಹೋದರೆ ಆಹೇರಿ ಕೂಗುವ ಗದ್ದಲ. ಆಟ ಮುಗಿದು, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯಲು ಕುಳಿತಾಗಲೇ ಮಾತು ಬರುವುದು.

ಹಾಗೊಮ್ಮೆ ಮೈಸೂರು ಕಡೆಯ ಹಿರಿಯ ಖಳನಟರೊಬ್ಬರ ಎದುರು ನಿಂತೆ. ಒಂದು ಕೆನ್ನೆಯ ಬಣ್ಣ ಹೋಗಿತ್ತು, ಇನ್ನೊಂದರಲ್ಲಿ ಅರ್ಧ ಮೀಸೆ ಹಾಗೇ ಇತ್ತು. ನಾನು ಅವರ ಹಳೆಯ ಸಿನಿಮಾಗಳ ಹೆಸರು ಒಂದೊಂದಾಗಿ ಹೇಳುತ್ತ ಹೋದೆ. ಅವರು ಎಣ್ಣೆಗೈ ಒರೆಸಿಕೊಳ್ಳುತ್ತ, “ಅದೆಲ್ಲ ಇರಲಿ, ಇವತ್ತಿನ ನಾಟಕ ನೋಡಿದ್ರಾ?” ಎಂದರು. “ನೋಡೀನ್ರಿ. ಮೈಕ್ ಕೈಕೊಟ್ಟಾಗ ನೀವು ಮುಂದ ಬಂದು ಬರೀ ಗಂಟಲಿನ್ಯಾಗ ಮಾತು ಎತ್ತಿದ್ರಲ್ಲ, ಕೊನೀ ಖುರ್ಚಿತನಕ ಕೇಳಿಸ್ತು” ಎಂದೆ. ಪೆನ್ನು ಇಸಿದುಕೊಂಡು ಸಹಿ ಹಾಕಿ, ಅದರ ಕೆಳಗೆ ಅಂದಿನ ಪಾತ್ರದ ಹೆಸರನ್ನೂ ಬರೆದುಕೊಟ್ಟರು. ಅಂದಿನಿಂದ ಸಿನಿಮಾದ ಮಾತು ನಾನಾಗಿ ಎತ್ತುವುದಿಲ್ಲ.

ಹಾಗೆ ನೋಡಿದರೆ ಸಿನಿಮಾಕ್ಕೂ ನಾಟಕಕ್ಕೂ ನಂಟು ಹಳೆಯದೇ. 1974ರ ‘ಸಂಪತ್ತಿಗೆ ಸವಾಲ್’ ನೋಡಿ ರಾಜಕುಮಾರ್ ಅಭಿಮಾನಿಗಳಾದವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅದರ ಮೂಲ ನಮ್ಮ ಮಗ್ಗುಲಿನ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ನಾಟಕ. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರೂ ಆ ಸೀಮೆಯವರೇ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಬಂದರೆ ಜನ ಕಾಲಿಗೆ ಬೀಳುತ್ತಿದ್ದರಂತೆ. ಅವರು 2017ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಗದಗಿನಲ್ಲಂತೂ ಪುಟ್ಟರಾಜ ಗವಾಯಿಗಳು ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಇಂಥವರ ಸಹಿಗೆ ಯಾರೂ ಸಾಲು ಹಚ್ಚಲಿಲ್ಲವಲ್ಲ ಎಂಬ ಕೊರಗು ನನಗಿದೆ. ಪೆಟ್ಟಿಗೆ ಮಾಸ್ತರರ ಹತ್ತಿರವಂತೂ ಈಗಲೂ ಯಾರೂ ಹೋಗುವುದಿಲ್ಲ. ಇಡೀ ರಾತ್ರಿ ಹಾರ್ಮೋನಿಯಂ ಮೇಲೆ ನಾಟಕವನ್ನು ಎತ್ತಿ ನಿಲ್ಲಿಸುವವರು ಅವರೇ. ನನ್ನ ಕಟ್ಟಿನಲ್ಲಿ ಅವರ ಸಹಿಗಳಿಗೆ ಬೇರೆ ಕವರು ಇದೆ.

ರಂಗದ ಹಿಂಬದಿಗೆ ನುಗ್ಗುವ ಚಟ ಬಿಡಬೇಕು. ಪರದೆಯ ಹಿಂದೆ ತಗಡಿನ ಗೂಡುಗಳಲ್ಲಿ ಒಲೆ ಉರಿಯುತ್ತಿರುತ್ತದೆ, ಕೂಸು ಮಲಗಿರುತ್ತದೆ, ಹುಡುಗರು ಅಭ್ಯಾಸ ಮಾಡುತ್ತಿರುತ್ತಾರೆ. ಕಲಾವಿದೆಯರಿಗೆ ಅದು ಮನೆ. ಮ್ಯಾನೇಜರ್ ಕಡೆಯಿಂದ ಹೇಳಿಸಿ, ಅವರು ಹೊರಗೆ ಬಂದ ಮೇಲೆ ಕೇಳುವುದು ಮರ್ಯಾದೆ. ಓದು ಬರಹ ಕಲಿಯದೆ, ಬರೀ ಕಿವಿಯಿಂದಲೇ ನಾಟಕಗಟ್ಟಲೆ ಮಾತು ಕಲಿತ ಹಿರಿಯ ಕಲಾವಿದೆಯರೂ ಇದ್ದಾರೆ. ಅಂಥವರ ಮುಂದೆ ಪೆನ್ನು ಚಾಚುವುದಕ್ಕಿಂತ ಒಂದು ರಂಗಗೀತೆ ಹಾಡಿರೆಂದು ಕೇಳುವುದು ಲೇಸು. ಹಾಡಿಯೇ ಹಾಡುತ್ತಾರೆ, ಅದೂ ಪೂರ್ತಿ!

ಅಮೆರಿಕದಲ್ಲಿ ಹಳೆಯ ಧಾರಾವಾಹಿಗಳ ನಟರು ಅಭಿಮಾನಿ ಮೇಳಗಳಲ್ಲಿ ಮೇಜು ಹಾಕಿಕೊಂಡು ಕೂಡುತ್ತಾರೆ; ಸಹಿಗೊಂದು ದರ, ಫೋಟೊಕ್ಕೊಂದು ದರ. ಕೇಳಿ ಮೂಗು ಮುರಿಯುವವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ವಯಸ್ಸಾದ ನಟನಿಗೆ ಅದೂ ದುಡಿಮೆಯೇ. ನನಗೆ ಬೇಸರವಾಗುವುದು ನಾಟಕವನ್ನೇ ನೋಡದೆ ಗೇಟಿನ ಹತ್ತಿರ ಕಾದು, ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ಹೊಡೆದುಕೊಂಡು ಹೋಗುವವರನ್ನು ಕಂಡಾಗ. ಆ ನಟನನ್ನು ಕರೆತರಲು ಕಂಪನಿ ಮಾಲೀಕ ಸಾಲ ಮಾಡಿರುತ್ತಾನೆ.

ಈ ಸಲ ಬನಶಂಕರಿಗೆ ಹೋದರೆ ಮೊದಲು ಟಿಕೆಟ್ ತಗೊಳ್ಳಿ, ಆಟ ಮುಗಿಯುವತನಕ ಕೂಡಿ, ಆಮೇಲೆ ಸಹಿ ಕೇಳಿ. ಮನೆಯ ಟ್ರಂಕಿನಲ್ಲಿ ಹಳೆಯ ಹ್ಯಾಂಡ್‌ಬಿಲ್ಲುಗಳಿದ್ದರೆ ರದ್ದಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಕೇಳಿ ಇಸವಿ ಬರೆದಿಡಿ.